ಅರಸನ ಸೇವೆಗಿಂತ ಅಂತಃಸಾಕ್ಷಿ ಮಿಗಿಲು: ಸಂತ ಥಾಮಸ್ ಮೋರ್

ಸಂತರೆಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಮಠದ ಸನ್ಯಾಸಿಗಳು, ಕನ್ಯಾಸ್ತ್ರೀಯರು, ದೂರದ ನಾಡುಗಳಿಗೆ ತೆರಳಿದ ಧರ್ಮಪ್ರಚಾರಕರು. ಹೆಂಡತಿ ಮಕ್ಕಳು, ಕೋರ್ಟು ಕಚೇರಿಗಳ ನಡುವೆಯೇ ಬಾಳಿದ ಗೃಹಸ್ಥರೂ ಆ ಸಾಲಿನಲ್ಲಿದ್ದಾರೆಂಬುದು ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಆದುದರಿಂದಲೇ ಇಂಗ್ಲೆಂಡಿನ ಸಂತ ಥಾಮಸ್ ಮೋರ್ ಅವರ ಜೀವನವನ್ನು ಈ ವಾರ ನಮ್ಮ ಕುಟುಂಬಗಳ ಮುಂದಿಡಬಯಸುತ್ತೇವೆ.

1478ರಲ್ಲಿ ಲಂಡನ್ ನಗರದಲ್ಲಿ ಜನಿಸಿದ ಇವರ ತಂದೆ ಜಾನ್ ಮೋರ್ ನ್ಯಾಯವಾದಿ, ಮುಂದೆ ನ್ಯಾಯಾಧೀಶರಾದವರು. ಬಾಲಕ ಥಾಮಸ್ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಜಾನ್ ಮಾರ್ಟನ್ ಅವರ ಮನೆಯಲ್ಲಿ ಊಳಿಗದ ಹುಡುಗನಾಗಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಓದಿ, ಬಳಿಕ ಕಾನೂನು ಕಲಿತರು. ತಾರುಣ್ಯದಲ್ಲಿ ಸುಮಾರು ನಾಲ್ಕು ವರ್ಷಗಳ ಕಾಲ ಕಾರ್ಥೂಸಿಯನ್ ಸನ್ಯಾಸಿಗಳ ಸಹವಾಸದಲ್ಲಿದ್ದು, ತಮ್ಮ ಕರೆ ಮಠಕ್ಕೋ ಸಂಸಾರಕ್ಕೋ ಎಂದು ತೂಗಿ ನೋಡಿ, ಕೊನೆಗೆ ಸಂಸಾರವನ್ನೇ ಆರಿಸಿಕೊಂಡರು. ಆದರೆ ಮೈಗೆ ಚುಚ್ಚುವ ಒರಟು ರೋಮದ ಅಂಗಿಯನ್ನು ಜರತಾರಿ ಉಡುಪಿನೊಳಗೆ ಧರಿಸುವ ತಪಸ್ಸನ್ನು ಬಿಡಲಿಲ್ಲ. ಅದನ್ನು ಗುಟ್ಟಾಗಿ ಒಗೆದುಕೊಡುತ್ತಿದ್ದವಳು ಹಿರಿಯ ಮಗಳು ಮಾರ್ಗರೆಟ್.

1505ರಲ್ಲಿ ಜೇನ್ ಕೋಲ್ಟ್ ಎಂಬಾಕೆಯೊಡನೆ ವಿವಾಹವಾಯಿತು. ಮೂವರು ಹೆಣ್ಣುಮಕ್ಕಳು, ಒಬ್ಬ ಮಗ. 1511ರಲ್ಲಿ ಆಕೆ ತೀರಿಕೊಂಡಾಗ ಎಳೆಯ ಮಕ್ಕಳಿಗೆ ತಾಯಿ ಬೇಕೆಂದು, ವಿಧವೆಯಾಗಿದ್ದ ಆ್ಯಲಿಸ್ ಎಂಬಾಕೆಯನ್ನು ಬೇಗನೆ ವರಿಸಿದರು. ಹೆಣ್ಣುಮಕ್ಕಳಿಗೆ ಓದು ಬೇಡವೆನ್ನುತ್ತಿದ್ದ ಕಾಲದಲ್ಲಿ ತಮ್ಮ ಪುತ್ರಿಯರಿಗೂ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿಸಿದರು. ಚೆಲ್ಸಿಯ ಮನೆಯಲ್ಲಿ ಎಲ್ಲರೂ ಕೂಡಿ ಪ್ರಾರ್ಥಿಸುವುದು, ಊಟದ ವೇಳೆ ಪವಿತ್ರ ಗ್ರಂಥದ ಪಾರಾಯಣ ಕೇಳುವುದು ನಿತ್ಯದ ಪದ್ಧತಿ. ಹಾಗೆಂದು ಆ ಮನೆ ಬಿಗುಮೊಗದ್ದಲ್ಲ. ಸಂಗೀತ, ನಗೆಮಾತು, ಸಾಕಿದ ಕೋತಿ, ಇವೆಲ್ಲ ಅಲ್ಲಿದ್ದವು. ಮಿತ್ರ ಎರಾಸ್ಮಸ್ ತಮ್ಮ ಪ್ರಸಿದ್ಧ ವಿಡಂಬನೆಯನ್ನು ಬರೆದದ್ದು ಮೋರ್ ಅವರ ಅತಿಥಿಯಾಗಿದ್ದಾಗಲೇ. ಮೋರ್ ಅವರ ಸ್ವಂತ ಕೃತಿ ‘ಯುಟೋಪಿಯ’ 1516ರಲ್ಲಿ ಪ್ರಕಟವಾಗಿ ಯುರೋಪಿನ ವಿದ್ವಾಂಸರೆಲ್ಲರ ಗಮನ ಸೆಳೆಯಿತು.

1529ರಲ್ಲಿ ಅರಸ ಎಂಟನೆಯ ಹೆನ್ರಿ ಇವರನ್ನು ಲಾರ್ಡ್ ಛಾನ್ಸಲರ್ ಪದವಿಗೇರಿಸಿದನು. ಪದವಿ ಏರಿದ ಮೇಲೆಯೂ, ವೆಸ್ಟ್‌ಮಿನ್‌ಸ್ಟರ್ ಭವನದಲ್ಲಿ ವೃದ್ಧ ತಂದೆ ನ್ಯಾಯಪೀಠದಲ್ಲಿ ಕುಳಿತಿದ್ದರೆ, ಎಲ್ಲರೆದುರು ಮೊಣಕಾಲೂರಿ ಆಶೀರ್ವಾದ ಬೇಡಿದ ಬಳಿಕವೇ ತಮ್ಮ ಪೀಠಕ್ಕೆ ಹೋಗುತ್ತಿದ್ದರೆಂದು ಅಳಿಯ ವಿಲಿಯಂ ರೋಪರ್ ಬರೆದಿಟ್ಟಿದ್ದಾರೆ. ಸಂಜೆಯ ಜಪಸರ ಮುಗಿದೊಡನೆ ಹಿರಿಯರ ಆಶೀರ್ವಾದ ಬೇಡುವ ನಮ್ಮ ಮನೆಗಳಿಗೆ ಇದು ಹೊಸತೆನಿಸದು. ಮಕ್ಕಳು ಕೆಲಸಕ್ಕೆ ಸೇರಿದ ಮೇಲೂ ಆ ರೂಢಿ ಎಷ್ಟು ಮನೆಗಳಲ್ಲಿ ಉಳಿದಿದೆಯೋ ಬಲ್ಲವರೇ ಬಲ್ಲರು. ಊರಿನ ದೇವಾಲಯದ ಗಾಯನವೃಂದದಲ್ಲಿ ಬಿಳಿ ನಿಲುವಂಗಿ ತೊಟ್ಟು ಹಾಡುತ್ತಿದ್ದುದನ್ನು ಕಂಡು ನಾರ್ಫೋಕಿನ ಡ್ಯೂಕ್, ಇದು ಪದವಿಗೆ ಕುಂದೆಂದು ಬೇಸರಿಸಿದನಂತೆ.

ಮೊಕದ್ದಮೆ ಗೆದ್ದ ವಿಧವೆಯೊಬ್ಬಳು ಹೊಸ ವರ್ಷದ ಕಾಣಿಕೆಯಾಗಿ ಒಂದು ಜೊತೆ ಕೈಗವಸು ತಂದಿತ್ತಳು. ಒಳಗೆ 40 ಪೌಂಡು ಬೆಲೆಯ ಚಿನ್ನದ ನಾಣ್ಯಗಳಿದ್ದವು. ಹೆಂಗಸಿನ ಕಾಣಿಕೆಯನ್ನು ತಿರಸ್ಕರಿಸುವುದು ಸೌಜನ್ಯವಲ್ಲವೆಂದು ಕೈಗವಸನ್ನಷ್ಟೇ ಇರಿಸಿಕೊಂಡು ಹಣವನ್ನು ಹಿಂದಿರುಗಿಸಿದರು. ಸ್ವಂತ ಅಳಿಯನೊಬ್ಬನ ಮೊಕದ್ದಮೆಯಲ್ಲಿಯೂ ಅವನ ವಿರುದ್ಧವೇ ತೀರ್ಪಿತ್ತರು. ಅವರ ಅಧಿಕಾರಾವಧಿಯ ಒಂದು ಕಪ್ಪು ನೆರಳನ್ನೂ ನಾವು ಮರೆಮಾಚಲಾರೆವು. ಪಾಷಂಡಿಗಳೆಂದು ತೀರ್ಮಾನಿಸಲ್ಪಟ್ಟ ಕೆಲವರನ್ನು ಆಗ ಜೀವಂತ ಸುಡಲಾಯಿತು. ಮೋರ್ ಆ ಶಿಕ್ಷೆಯನ್ನು ಸಮರ್ಥಿಸಿದರು. ಅದು ಆ ಕಾಲದ ಕಾನೂನೆಂಬುದು ನಿಜ. ಆದರೂ ನಮ್ಮ ಮನಸ್ಸು ಅದನ್ನು ಒಪ್ಪದು.

ರಾಣಿ ಕ್ಯಾಥರೀನಳಿಗೆ ಗಂಡುಸಂತಾನ ಉಳಿಯಲಿಲ್ಲವೆಂದು ಹೆನ್ರಿ ಆ ವಿವಾಹವನ್ನು ರದ್ದುಪಡಿಸಿಕೊಂಡು ಆ್ಯನ್ ಬೊಲಿನಳನ್ನು ವರಿಸಬಯಸಿದನು. ಪೋಪ್ ಏಳನೆಯ ಕ್ಲೆಮೆಂಟರು ಸಮ್ಮತಿಸಲಿಲ್ಲ. ಆಗ ಅರಸ ಧರ್ಮಸಭೆಯನ್ನೇ ತನ್ನ ಕೈಗೆ ತೆಗೆದುಕೊಳ್ಳತೊಡಗಿದನು. 1532ರ ಮೇ 15ರಂದು ಇಂಗ್ಲೆಂಡಿನ ಯಾಜಕವರ್ಗ ಅರಸನಿಗೆ ಮಣಿಯಿತು. ಮರುದಿನವೇ ಮೋರ್ ರಾಜಮುದ್ರೆಯನ್ನು ಹಿಂದಿರುಗಿಸಿ ಮನೆ ಸೇರಿದರು. ಆದಾಯ ಥಟ್ಟನೆ ಕುಗ್ಗಿದಾಗ ಮಕ್ಕಳು, ಅಳಿಯಂದಿರನ್ನೆಲ್ಲ ಕೂಡಿಸಿ, ಖರ್ಚನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಇಳಿಸುವುದೆಂದು ನಗುನಗುತ್ತಲೇ ವಿವರಿಸಿದರಂತೆ.

1534ರ ಏಪ್ರಿಲ್ 13ರಂದು ಲ್ಯಾಂಬೆತ್ ಅರಮನೆಗೆ ಕರೆಯಿಸಿ ಪ್ರಮಾಣಪತ್ರವನ್ನು ಮುಂದಿಟ್ಟರು. ಆ್ಯನ್‌ಳ ಮಕ್ಕಳಿಗೆ ಪಟ್ಟ ಸಲ್ಲಬೇಕೆಂಬುದನ್ನು ಒಪ್ಪಲು ಮೋರ್ ಸಿದ್ಧರಿದ್ದರು. ಅದು ಪಾರ್ಲಿಮೆಂಟಿನ ಅಧಿಕಾರ. ಮೊದಲ ವಿವಾಹವನ್ನೂ ಪೋಪರ ಅಧಿಕಾರವನ್ನೂ ತಳ್ಳಿಹಾಕುವ ಪ್ರಮಾಣಕ್ಕೆ ಮಾತ್ರ ಸಹಿ ಹಾಕಲಿಲ್ಲ. ಸಹಿ ಹಾಕಿದವರನ್ನು ಹಳಿಯಲೂ ಇಲ್ಲ. ನಾಲ್ಕು ದಿನಗಳ ಬಳಿಕ ಲಂಡನ್ ಗೋಪುರದ ಸೆರೆ.

ಅಲ್ಲಿ ಅವರನ್ನು ಹೆಚ್ಚು ಕಾಡಿದ್ದು ಕಾವಲುಗಾರರಲ್ಲ, ಮನೆಯವರ ಕಣ್ಣೀರು. ಧರ್ಮಾಧ್ಯಕ್ಷರೆಲ್ಲ ಮಾಡಿದ್ದನ್ನು ನೀವೇಕೆ ಮಾಡಬಾರದೆಂದು ಆ್ಯಲಿಸ್ ಗದರಿದಳು. ತಾನು ಪ್ರಮಾಣ ಸ್ವೀಕರಿಸಿದ್ದ ಮಾರ್ಗರೆಟ್ ಕೂಡ ಬೇಡಿಕೊಂಡಳು. ಅಧಿಕಾರಿಗಳ ಬೆದರಿಕೆಗಿಂತ ಮಗಳ ಬೇಡಿಕೆಯೇ ಆ ತಂದೆಗೆ ಕಠಿಣವಾಗಿತ್ತೆಂದು ಆಕೆಗೆ ಬರೆದ ಪತ್ರಗಳಿಂದ ತಿಳಿಯುತ್ತದೆ. ಸಾವಿನ ಭಯವನ್ನು ಅವರು ಮುಚ್ಚಿಡಲಿಲ್ಲ. ಲೇಖನಿ ಕಾಗದಗಳನ್ನು ಕಸಿದುಕೊಂಡ ಮೇಲೆ ಇದ್ದಿಲಿನ ತುಂಡಿನಿಂದ ಬರೆದರು.

1535ರ ಮೇ ತಿಂಗಳಲ್ಲಿ ಕಾರ್ಥೂಸಿಯನ್ ಸನ್ಯಾಸಿಗಳು, ಜೂನ್ 22ರಂದು ಧರ್ಮಾಧ್ಯಕ್ಷ ಜಾನ್ ಫಿಶರ್ ರಕ್ತಸಾಕ್ಷಿಗಳಾದರು. ಜುಲೈ 1ರಂದು ಮೋರ್ ಅವರ ವಿಚಾರಣೆ. ಮೌನವನ್ನು ರಾಜದ್ರೋಹವೆನ್ನಲು ಕಾನೂನಿನಲ್ಲಿ ಎಡೆಯಿಲ್ಲವೆಂದು ಅವರು ವಾದಿಸಿದರು. ಅರಸನ ವಕೀಲ ರಿಚರ್ಡ್ ರಿಚ್ ಸಾಕ್ಷಿ ನುಡಿದು, ಸೆರೆಯಲ್ಲಿ ಮೋರ್ ತನ್ನೆದುರು ಅರಸನ ಧರ್ಮಾಧಿಕಾರವನ್ನು ಅಲ್ಲಗಳೆದರೆಂದನು. ಅದು ಸುಳ್ಳೆಂದು ಮೋರ್ ಸಾರಿದರೂ ತೀರ್ಪು ಮರಣದಂಡನೆಯೇ ಆಯಿತು. ಗೋಪುರಕ್ಕೆ ಮರಳುವ ದಾರಿಯಲ್ಲಿ ಮಾರ್ಗರೆಟ್ ಆಯುಧ ಹಿಡಿದ ಕಾವಲುಗಾರರ ನಡುವೆ ನುಗ್ಗಿ ತಂದೆಯನ್ನು ತಬ್ಬಿಕೊಂಡಳು. ತುಸು ದೂರ ಹೋದವಳು ತಡೆಯಲಾರದೆ ಮತ್ತೊಮ್ಮೆ ಓಡಿಬಂದಳು.

ಜುಲೈ 6ರಂದು ಟವರ್ ಹಿಲ್‌ನಲ್ಲಿ ಶಿರಚ್ಛೇದವಾಯಿತು. ಪೋಪ್ ಹನ್ನೊಂದನೆಯ ಪಯಸ್ 1935ರಲ್ಲಿ ಅವರಿಗೆ ಸಂತಪದವಿಯನ್ನಿತ್ತರು. ಪೋಪ್ ಎರಡನೆಯ ಜಾನ್ ಪೌಲ್ 2000ದಲ್ಲಿ ಅವರನ್ನು ರಾಜಕಾರಣಿಗಳ ಪಾಲಕರೆಂದು ಘೋಷಿಸಿದರು. ಸಂತ ಜಾನ್ ಫಿಶರ್ ಅವರೊಡನೆ ಇವರ ಹಬ್ಬ ಜೂನ್ 22ರಂದು. ಲಂಡನ್ ಸೇತುವೆಯ ಮೇಲೆ ಕಂಬಕ್ಕೆ ಚುಚ್ಚಿ ನಿಲ್ಲಿಸಿದ್ದ ತಂದೆಯ ಶಿರಸ್ಸನ್ನು ಮಾರ್ಗರೆಟ್ ಪಡೆದುಕೊಂಡು ಜೋಪಾನವಾಗಿ ಕಾಪಾಡಿದಳು. ಅದು ಈಗ ಕ್ಯಾಂಟರ್ಬರಿಯ ಸಂತ ಡನ್‌ಸ್ಟನ್ ದೇವಾಲಯದಲ್ಲಿ, ರೋಪರ್ ಮನೆತನದ ಸಮಾಧಿಯಲ್ಲಿದೆಯೆಂದು ನಂಬಲಾಗಿದೆ.