ಹೊರೆ ಹೊತ್ತ ಹೆಗಲು ಶಿಖರ ಮುಟ್ಟಿದಾಗ: ತೇನ್‌ಸಿಂಗ್ ನಾರ್ಗೆ

ಎವರೆಸ್ಟ್ ಶಿಖರವನ್ನು ಮೊದಲು ಏರಿದವರು ಯಾರು? ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಎರಡು ಹೆಸರುಗಳು ಜೋಡಿಯಾಗಿಯೇ ಸಿಗುತ್ತವೆ: ಎಡ್ಮಂಡ್ ಹಿಲರಿ ಮತ್ತು ತೇನ್‌ಸಿಂಗ್ ನಾರ್ಗೆ. ಆದರೆ 1953ರ ಜೂನ್ ತಿಂಗಳಲ್ಲಿ ಜಗತ್ತಿಗೆ ಈ ಜೋಡಿ ಉತ್ತರ ಸಾಲಲಿಲ್ಲ. ಇಬ್ಬರಲ್ಲಿ ತುದಿಗೆ ಮೊದಲು ಕಾಲಿಟ್ಟವರು ಯಾರೆಂದು ಎಲ್ಲರಿಗೂ ತಿಳಿಯಬೇಕಿತ್ತು. ಶಿಖರದಿಂದ ಇಳಿದು ಬಂದ ಆ ಇಬ್ಬರನ್ನು ಈ ಪ್ರಶ್ನೆ ವರ್ಷಗಟ್ಟಲೆ ಬೆನ್ನಟ್ಟಿತು.

ಆ ಗದ್ದಲದಲ್ಲಿ ಮರೆಯಾದ ಸಂಗತಿಯೊಂದಿದೆ. ಹಿಲರಿಗೆ ಅದು ಎವರೆಸ್ಟ್ ಏರುವ ಮೊದಲ ದೊಡ್ಡ ಪ್ರಯತ್ನ. ತೇನ್‌ಸಿಂಗ್ ಅವರಿಗೆ ಅದು ಏಳನೆಯದು. ದಿನಗೂಲಿಗೆ ಪರರ ಹೊರೆ ಹೊರುವ ಆಳಾಗಿ 1935ರಲ್ಲಿ ಆ ಪರ್ವತದ ಬಳಿ ಹೋದವರು, ಹದಿನೆಂಟು ವರ್ಷಗಳ ಬಳಿಕ ಸಮಾನ ಆರೋಹಿಯಾಗಿ ಅದರ ನೆತ್ತಿಯ ಮೇಲೆ ನಿಂತರು. ಅವರು ಕ್ರಮಿಸಿದ ನಿಜವಾದ ಎತ್ತರ ಅದು.

ಲಾಮಾ ಇಟ್ಟ ಹೆಸರು

ತೇನ್‌ಸಿಂಗ್ ಹುಟ್ಟಿದ್ದು 1914ರಲ್ಲಿ. ದಿನಾಂಕವನ್ನು ಯಾರೂ ಬರೆದಿಡಲಿಲ್ಲ. ಹೊಲದ ಪೈರು, ಋತುಮಾನಗಳ ಲೆಕ್ಕದ ಮೇಲೆ ಅದು ಮೇ ತಿಂಗಳ ಕೊನೆ ಇರಬೇಕೆಂದು ಅಂದಾಜಿಸಲಾಯಿತು. ಮುಂದೆ ಅವರು ಎವರೆಸ್ಟ್ ಏರಿದ ಮೇ 29ನ್ನೇ ಹುಟ್ಟುಹಬ್ಬವಾಗಿ ಆಚರಿಸತೊಡಗಿದರು. ಹುಟ್ಟಿದ ಸ್ಥಳ ಟಿಬೆಟ್ಟಿನ ಖರ್ತಾ ಸೀಮೆಯೋ ನೇಪಾಳದ ಖುಂಬು ಪ್ರದೇಶವೋ ಎಂಬ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಬಾಲ್ಯ ಕಳೆದದ್ದು ಮಾತ್ರ ಖುಂಬುವಿನ ಥಾಮೆ ಗ್ರಾಮದಲ್ಲಿ, ಯಾಕ್ ಕಾಯುವ ಶೆರ್ಪಾ ಕುಟುಂಬದಲ್ಲಿ.

ಹದಿಮೂರು ಮಕ್ಕಳಲ್ಲಿ ಅವರು ಹನ್ನೊಂದನೆಯವರು. ಒಡಹುಟ್ಟಿದವರಲ್ಲಿ ಹೆಚ್ಚಿನವರು ಎಳವೆಯಲ್ಲೇ ತೀರಿಕೊಂಡರು. ಮಗುವಿಗೆ ಮೊದಲು ಇಟ್ಟ ಹೆಸರು ನಾಮ್‌ಗ್ಯಾಲ್ ವಾಂಗ್ಡಿ. ಅದನ್ನು ಬದಲಿಸಿ ತೇನ್‌ಸಿಂಗ್ ನಾರ್ಗೆ ಎಂದು ಕರೆದವರು ರೊಂಗ್‌ಬುಕ್ ಮಠದ ಹಿರಿಯ ಲಾಮಾ. ಸಂಪತ್ತು ಮತ್ತು ಭಾಗ್ಯ ಉಳ್ಳ ಧರ್ಮಾನುಯಾಯಿ ಎಂಬುದು ಆ ಹೆಸರಿನ ಭಾವ. ಬಡ ಯಾಕ್ ಕಾವಲುಗಾರನ ಮಗನಿಗೆ ಈ ಹೆಸರು!

ಎವರೆಸ್ಟನ್ನು ಅಲ್ಲಿನ ಜನ ಕರೆಯುವುದು ಚೋಮೊಲುಂಗ್ಮಾ ಎಂದು. ಯಾವ ಹಕ್ಕಿಯೂ ಮೇಲೆ ಹಾರಲಾರದಷ್ಟು ಎತ್ತರದ ಬೆಟ್ಟ ಎಂದೇ ತಾಯಿ ಮಗನಿಗೆ ಅದರ ಅರ್ಥ ಹೇಳಿಕೊಟ್ಟಿದ್ದರು. ಎತ್ತರದ ಹುಲ್ಲುಗಾವಲುಗಳಲ್ಲಿ ಯಾಕ್ ಕಾಯುತ್ತಿದ್ದ ಬಾಲಕನಿಗೆ ಆ ಬೆಟ್ಟ ದಿನನಿತ್ಯದ ನೋಟವಾಗಿತ್ತು. ಮಗ ಸನ್ಯಾಸಿಯಾಗಲೆಂದು ಹೆತ್ತವರು ಮಠಕ್ಕೆ ಕಳುಹಿಸಿದರು. ಅಲ್ಲಿ ಒಬ್ಬ ಲಾಮಾನ ಪೆಟ್ಟು ತಲೆಗೆ ಬಿದ್ದೊಡನೆ ಹುಡುಗ ಮನೆಗೆ ಓಡಿಬಂದ. ಮತ್ತೆ ಮಠದ ಕಡೆ ತಲೆಹಾಕಲಿಲ್ಲ. ಶಾಲೆಯ ಮುಖವನ್ನೂ ಕಾಣಲಿಲ್ಲ. ಮುಂದೆ ಹಲವು ಭಾಷೆಗಳಲ್ಲಿ ಮಾತನಾಡಬಲ್ಲವರಾದರೂ ಓದು ಬರಹ ಅವರಿಗೆ ಒಲಿಯಲಿಲ್ಲ.

ಹನ್ನೆರಡು ಆಣೆಯ ಕೂಲಿ

1932ರಲ್ಲಿ, ಹದಿನೆಂಟರ ಪ್ರಾಯದಲ್ಲಿ, ತೇನ್‌ಸಿಂಗ್ ಮನೆಬಿಟ್ಟು ಡಾರ್ಜಿಲಿಂಗ್ ಸೇರಿದರು. ಆಗ ನೇಪಾಳದ ಬಾಗಿಲು ವಿದೇಶೀಯರಿಗೆ ಮುಚ್ಚಿತ್ತು. ಬ್ರಿಟಿಷ್ ಆರೋಹಣ ತಂಡಗಳು ಡಾರ್ಜಿಲಿಂಗ್‌ನಲ್ಲಿ ಆಳುಗಳನ್ನು ಗೊತ್ತು ಮಾಡಿಕೊಂಡು, ಟಿಬೆಟ್ಟಿನ ಮೂಲಕ ಎವರೆಸ್ಟಿನ ಉತ್ತರ ಮಗ್ಗುಲನ್ನು ತಲುಪುತ್ತಿದ್ದವು. ಈ ಕೆಲಸ ಹುಡುಕಿಕೊಂಡೇ ಶೆರ್ಪಾ ಯುವಕರು ಅಲ್ಲಿಗೆ ವಲಸೆ ಬರುತ್ತಿದ್ದರು.

ತೇನ್‌ಸಿಂಗ್ ಅವರಿಗೆ ಮೊದಲು ದೊರೆತದ್ದು ಸಮೀಪದ ಹಳ್ಳಿಯೊಂದರಲ್ಲಿ ದನ ಕಾಯುವ, ಪೇಟೆಗೆ ಹಾಲು ಹೊತ್ತು ಮಾರುವ ಕೆಲಸ. ಪೇಟೆಯ ರೀತಿಗೆ ಮಾರುಹೋಗಿ ಉದ್ದ ಜಡೆ ಕತ್ತರಿಸಿದರು, ನೇಪಾಳಿ ಉಡುಪು ತೊಟ್ಟರು. ಅದೇ ಮುಳುವಾಯಿತು. 1933ರ ತಂಡದ ಆಯ್ಕೆಯಲ್ಲಿ ಅವರನ್ನು ಶೆರ್ಪಾ ಎಂದೇ ನಂಬದೆ ವಾಪಸು ಕಳುಹಿಸಲಾಯಿತು.

1935ರಲ್ಲಿ ಎರಿಕ್ ಶಿಪ್ಟನ್ ನೇತೃತ್ವದ ತಂಡ ಬಂತು. ಅನುಭವದ ಪ್ರಮಾಣಪತ್ರವೇನೂ ಇಲ್ಲದ ಈ ಯುವಕ ಕೊನೆಯ ಗಳಿಗೆಯಲ್ಲಿ ಆಯ್ಕೆಯಾದ. ಸಾಲಿನಲ್ಲಿ ನಿಂತವನ ಮುಖದ ತುಂಬು ನಗುವೇ ಶಿಪ್ಟನ್ ಕಣ್ಣಿಗೆ ಬಿದ್ದಿತ್ತು. ಕೂಲಿ ದಿನಕ್ಕೆ 12 ಆಣೆ, ಹಿಮರೇಖೆಯ ಮೇಲೆ ಹೋದರೆ 1 ರೂಪಾಯಿ. ಮರುವರ್ಷ ಮತ್ತೆ ಕರೆ ಬಂತು. 1938ರಲ್ಲಿ ಸುಮಾರು 27,200 ಅಡಿ ಎತ್ತರದ ಶಿಬಿರಕ್ಕೆ ಹೊರೆ ಮುಟ್ಟಿಸಿದ್ದಕ್ಕಾಗಿ ಅವರಿಗೆ ಟೈಗರ್ ಪದಕ ದೊರೆಯಿತು. ಅಷ್ಟು ಎತ್ತರದಲ್ಲಿ ಹೊರೆ ಹೊತ್ತು ದುಡಿದ ಶೆರ್ಪಾಗಳಿಗೆ ಹಿಮಾಲಯನ್ ಕ್ಲಬ್ ನೀಡುತ್ತಿದ್ದ ಗೌರವ ಅದು.

ಆದರೂ ಹೊರೆಯಾಳು ಹೊರೆಯಾಳೇ. ಡೇರೆ, ಆಹಾರ, ಆಮ್ಲಜನಕದ ಸಿಲಿಂಡರುಗಳನ್ನು ಮೇಲಿನ ಶಿಬಿರಕ್ಕೆ ಒಯ್ದಿಟ್ಟು ಅವನು ಇಳಿಯಬೇಕು. ಅಲ್ಲಿಂದಾಚೆಗೆ ತುದಿಯ ಪ್ರಯತ್ನ ಸಾಹೇಬರದು. ಹೆಚ್ಚಿನ ಶೆರ್ಪಾಗಳಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸಲಿಲ್ಲ. ತೇನ್‌ಸಿಂಗ್ ಅವರಿಗೆ ಮಾತ್ರ ಕೂಲಿಯಷ್ಟೇ ಸಾಲದು, ತುದಿಯೂ ಬೇಕಿತ್ತು.

ಮೇಣದಬತ್ತಿಯ ರಾತ್ರಿ

ಎರಡನೇ ಮಹಾಯುದ್ಧ ಆರೋಹಣಗಳನ್ನೆಲ್ಲ ನಿಲ್ಲಿಸಿತು. ಆ ವರ್ಷಗಳು ತೇನ್‌ಸಿಂಗ್ ಪಾಲಿಗೆ ಕಠೋರವಾಗಿದ್ದವು. ಅವರು ವಾಯವ್ಯ ಗಡಿಯ ಚಿತ್ರಾಲ್‌ನಲ್ಲಿ ಸೇನಾಧಿಕಾರಿಯೊಬ್ಬರ ಬಳಿ ಕೆಲಸಕ್ಕಿದ್ದರು. ಮೊದಲ ಮಗ 1939ರಲ್ಲಿ ತೀರಿಕೊಂಡಿದ್ದ. 1944ರಲ್ಲಿ ಪತ್ನಿ ದವಾ ಫುಟಿ ಕೂಡ ಚಿತ್ರಾಲ್‌ನಲ್ಲೇ ನಿಧನರಾದರು. ಪೆಮ್ ಪೆಮ್ ಮತ್ತು ನೀಮಾ ಎಂಬ ಇಬ್ಬರು ಪುಟ್ಟ ಹೆಣ್ಣುಮಕ್ಕಳು ತಂದೆಯ ಮಡಿಲಲ್ಲಿ ಉಳಿದರು. ಡಾರ್ಜಿಲಿಂಗ್‌ಗೆ ಮರಳಿದ ಬಳಿಕ ಆಂಗ್ ಲ್ಹಾಮು ಅವರನ್ನು ವರಿಸಿದರು. ಬದುಕು ಬಿಗಿಯಾಗಿದ್ದಾಗ ಸಂಸಾರದ ಬಂಡಿ ಎಳೆದವರು ಆಕೆ.

1947ರಲ್ಲಿ ಅರ್ಲ್ ಡೆನ್‌ಮನ್ ಎಂಬ ಕೆನಡಾ ಮೂಲದ ಸಾಹಸಿಯೊಡನೆ, ಅನುಮತಿಯಿಲ್ಲದೆ ಟಿಬೆಟ್ ಹೊಕ್ಕು ಎವರೆಸ್ಟಿನ ಬುಡಕ್ಕೆ ಹೋಗಿ ಬರಿಗೈಯಲ್ಲಿ ಮರಳಿದರು. ಅದೇ ವರ್ಷ ಸ್ವಿಸ್ ತಂಡವೊಂದರೊಡನೆ ಗಢ್‌ವಾಲ್‌ಗೆ ಹೋದಾಗ, ಗಾಯಗೊಂಡ ಸರ್ದಾರನ ಸ್ಥಾನ ಅವರಿಗೆ ಬಂತು. ಸರ್ದಾರ್ ಎಂದರೆ ಶೆರ್ಪಾ ಆಳುಗಳ ಮೇಸ್ತ್ರಿ. 1951ರಲ್ಲಿ ಫ್ರೆಂಚ್ ತಂಡದ ಇಬ್ಬರು ನಂದಾದೇವಿಯಲ್ಲಿ ಕಣ್ಮರೆಯಾದಾಗ, ಅವರನ್ನು ಅರಸುವ ಪ್ರಯತ್ನದ ನಡುವೆ ಲೂಯಿ ದ್ಯುಬೊ ಜೊತೆ 7,434 ಮೀಟರ್ ಎತ್ತರದ ನಂದಾದೇವಿ ಪೂರ್ವ ಶಿಖರವನ್ನು ಏರಿದರು. ತಮ್ಮ ಜೀವಮಾನದ ಅತಿ ಕಠಿಣ ಆರೋಹಣ ಎಂದು ಅವರು ಮುಂದೆ ಹೆಸರಿಸಿದ್ದು ಎವರೆಸ್ಟನ್ನಲ್ಲ, ಇದನ್ನು.

ಅಷ್ಟರಲ್ಲಿ ನೇಪಾಳ ತನ್ನ ಬಾಗಿಲು ತೆರೆದಿತ್ತು. 1952ರಲ್ಲಿ ಸ್ವಿಸ್ ತಂಡ ದಕ್ಷಿಣದ ದಾರಿ ಹಿಡಿಯಿತು. ತೇನ್‌ಸಿಂಗ್ ಅವರನ್ನು ಆಳೆಂದು ಕಾಣದೆ ಜೊತೆಗಾರನೆಂದು ಕಂಡವರಲ್ಲಿ ಈ ತಂಡದ ರೇಮಂಡ್ ಲ್ಯಾಂಬರ್ಟ್ ಮುಖ್ಯರು. ಹಿಂದೊಮ್ಮೆ ಆಲ್ಪ್ಸ್‌ನ ಚಳಿಗೆ ಕಾಲ್ಬೆರಳುಗಳನ್ನೇ ಕಳೆದುಕೊಂಡಿದ್ದ ಲ್ಯಾಂಬರ್ಟ್‌ಗೂ ತೇನ್‌ಸಿಂಗ್‌ಗೂ ಸಮಾನ ಭಾಷೆಯೇ ಇರಲಿಲ್ಲ. ಮೇ 27ರ ರಾತ್ರಿ ಸುಮಾರು 8,400 ಮೀಟರ್ ಎತ್ತರದ ಪುಟ್ಟ ಡೇರೆಯಲ್ಲಿ ಇಬ್ಬರೂ ಕುಳಿತೇ ಬೆಳಗು ಮಾಡಿದರು. ಮಲಗುವ ಚೀಲವಿಲ್ಲ, ಸ್ಟೌ ಇಲ್ಲ. ಮೇಣದಬತ್ತಿಯ ಮೇಲೆ ಡಬ್ಬಿ ಹಿಡಿದು ಹಿಮ ಕರಗಿಸಿ ಗುಟುಕು ನೀರು ಕುಡಿದರು. ಮೈ ಮರಗಟ್ಟದಂತೆ ಪರಸ್ಪರ ತಟ್ಟಿ ಉಜ್ಜಿಕೊಂಡರು. ಮರುದಿನ ಸುಮಾರು 8,595 ಮೀಟರ್ ತಲುಪಿ, ತುದಿಗೆ 250 ಮೀಟರ್ ಉಳಿದಿರುವಾಗ ಹಿಂದಿರುಗಿದರು. ಇನ್ನೂ ಏರಬಹುದಿತ್ತು, ಜೀವಂತ ಇಳಿಯುವ ಭರವಸೆ ಇರಲಿಲ್ಲ. ಅದೇ ವರ್ಷದ ಶರತ್ಕಾಲದ ಇನ್ನೊಂದು ಯತ್ನವೂ ಚಳಿಗಾಳಿಗೆ ಸೋತಿತು. ಬೀಳ್ಕೊಡುವಾಗ ಲ್ಯಾಂಬರ್ಟ್ ತಮ್ಮ ಕೆಂಪು ಕೊರಳವಸ್ತ್ರವನ್ನು ಗೆಳೆಯನಿಗೆ ಕೊಟ್ಟರು.

ಆರಡಿಯ ಅಂತರ

1953ರ ಬ್ರಿಟಿಷ್ ತಂಡದ ನಾಯಕ ಜಾನ್ ಹಂಟ್. ತೇನ್‌ಸಿಂಗ್ ಇದರಲ್ಲಿ ಶೆರ್ಪಾಗಳ ಸರ್ದಾರರೂ ಹೌದು, ಆರೋಹಿಗಳ ಪೂರ್ಣ ಸದಸ್ಯರೂ ಹೌದು. ಏಪ್ರಿಲ್‌ನಲ್ಲಿ ಖುಂಬು ಹಿಮಪಾತದ ಬಳಿ ಹಿಲರಿ ಕಾಲಡಿಯ ಹಿಮ ಕುಸಿದು ಬಿರುಕಿಗೆ ಬಿದ್ದರು. ಹಿಂದಿದ್ದ ತೇನ್‌ಸಿಂಗ್ ಕ್ಷಣಾರ್ಧದಲ್ಲಿ ಹಿಮಗೊಡಲಿಯನ್ನು ನೆಲಕ್ಕೆ ನೆಟ್ಟು, ಹಗ್ಗ ಬಿಗಿಹಿಡಿದು ಅವರನ್ನು ಉಳಿಸಿದರು. ಇನ್ನು ಮುಂದೆ ಈತನೇ ತನ್ನ ಹಗ್ಗದ ಜೊತೆಗಾರ ಎಂಬ ನಂಬಿಕೆ ಹಿಲರಿಗೆ ಬೆಳೆದದ್ದು ಹೀಗೆ.

ಹಿಮಪರ್ವತದಲ್ಲಿ ಹಗ್ಗದ ಕೆಲಸ ಸರಳ, ಆದರೆ ನಿಷ್ಠುರ. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಒಬ್ಬ ಮುಂದೆ ಸಾಗಿ ಮೆಟ್ಟಿಲು ಕಡಿಯುವಾಗ ಮತ್ತೊಬ್ಬ ಗೊಡಲಿ ನೆಟ್ಟು, ಹಗ್ಗ ಸುತ್ತಿ ಕಾಯುತ್ತಾನೆ. ಸ್ವಲ್ಪ ದೂರ ಹೋದ ಮೇಲೆ ಸರದಿ ಬದಲು. ಒಬ್ಬ ಜಾರಿದರೆ ಇನ್ನೊಬ್ಬ ತಡೆಯಬೇಕು, ತಡೆಯಲಾಗದಿದ್ದರೆ ಇಬ್ಬರೂ ಹೋಗಬೇಕು.

ಮೇ 26ರಂದು ಬೋರ್ಡಿಲನ್ ಮತ್ತು ಇವಾನ್ಸ್ ಜೋಡಿ ದಕ್ಷಿಣ ಶಿಖರ ಮುಟ್ಟಿ ದಣಿದು ಹಿಂತಿರುಗಿತು. ಮೇ 28ರ ರಾತ್ರಿ ಸುಮಾರು 8,500 ಮೀಟರ್ ಎತ್ತರದಲ್ಲಿ ಹಿಲರಿ, ತೇನ್‌ಸಿಂಗ್ ಇಬ್ಬರೇ ತಂಗಿದರು. ಬೆಳಗ್ಗೆ ನೋಡಿದರೆ ಹಿಲರಿಯ ಬೂಟುಗಳು ಕಲ್ಲಾಗಿದ್ದವು. ಸ್ಟೌ ಮೇಲೆ ಕಾಯಿಸಿ ಮೆತ್ತಗಾಗಿಸಬೇಕಾಯಿತು. 6.30ಕ್ಕೆ ಹೊರಟರು. ತೇನ್‌ಸಿಂಗ್ ಕಾಲಲ್ಲಿ ಸ್ವಿಸ್ ತಂಡದ ಬೂಟು, ಒಳಗೆ ಆಂಗ್ ಲ್ಹಾಮು ಹೆಣೆದ ಉಣ್ಣೆಯ ಕಾಲುಚೀಲ. ತಲೆಗೆ ಡೆನ್‌ಮನ್ ಕೊಟ್ಟ ಕುಲಾವಿ, ಕೊರಳಿಗೆ ಲ್ಯಾಂಬರ್ಟ್ ಕೊಟ್ಟ ಕೆಂಪು ವಸ್ತ್ರ. ಹಿಂದಿನ ಸೋಲುಗಳ ಗೆಳೆಯರೂ ಜೊತೆಗೇ ಹೊರಟಂತಿತ್ತು.

11.30ಕ್ಕೆ ತುದಿ. ಹಸ್ತಲಾಘವಕ್ಕೆ ಹಿಲರಿ ಕೈಚಾಚಿದರೆ ತೇನ್‌ಸಿಂಗ್ ಅವರನ್ನು ತಬ್ಬಿಕೊಂಡರು. ವಿಶ್ವಸಂಸ್ಥೆ, ಬ್ರಿಟನ್, ನೇಪಾಳ, ಭಾರತದ ಧ್ವಜಗಳನ್ನು ಕಟ್ಟಿದ ಹಿಮಗೊಡಲಿಯನ್ನು ತೇನ್‌ಸಿಂಗ್ ಎತ್ತಿಹಿಡಿದ ಚಿತ್ರ ಜಗತ್ತಿಗೆಲ್ಲ ಪರಿಚಿತ. ಹಿಲರಿ ತಮ್ಮ ಚಿತ್ರ ತೆಗೆಸಿಕೊಳ್ಳಲಿಲ್ಲ. ತೇನ್‌ಸಿಂಗ್ ಹಿಮ ಕೆದಕಿ ದೇವರಿಗೆ ಸಿಹಿತಿಂಡಿಗಳ ನೈವೇದ್ಯ ಇಟ್ಟರು. ಅದರೊಂದಿಗೆ ಮಗಳು ನೀಮಾ ಕೊಟ್ಟಿದ್ದ ಕೆಂಪು ನೀಲಿ ಪೆನ್ಸಿಲಿನ ತುಂಡನ್ನೂ ಹೂತರು. ಬರೆಯಲು ಬಾರದ ತಂದೆ ಮಗಳ ಪೆನ್ಸಿಲನ್ನು ಅಷ್ಟು ಎತ್ತರಕ್ಕೆ ಮುಟ್ಟಿಸಿದ್ದರು. ಹದಿನೈದು ನಿಮಿಷದಲ್ಲಿ ಇಳಿಯತೊಡಗಿದರು.

ಕೆಳಗೆ ಕಾದಿದ್ದ ಪ್ರಶ್ನೆ

ಕಠ್ಮಂಡುವಿನ ದಾರಿಯುದ್ದಕ್ಕೂ ಜನಜಾತ್ರೆ. ತುದಿಯಲ್ಲಿ ನಿಂತ ತೇನ್‌ಸಿಂಗ್ ಹಿಲರಿಯನ್ನು ಹಗ್ಗದಿಂದ ಮೇಲಕ್ಕೆ ಎಳೆಯುತ್ತಿರುವ ಚಿತ್ರಪಟಗಳು ಮೆರೆದವು. ಓದಲು ಬಾರದ ಅವರ ಮುಂದೆ ಕಾಗದಗಳನ್ನು ಹಿಡಿದು ಸಹಿ ಪಡೆದವರೂ ಇದ್ದರು. ಅವರು ನಮ್ಮವರೆಂದು ನೇಪಾಳ, ನಮ್ಮವರೆಂದು ಭಾರತ. ಒಂದು ನಾಡು ಹೆತ್ತದ್ದು, ಇನ್ನೊಂದು ಸಾಕಿದ್ದು, ಎರಡೂ ತನ್ನವೇ ಎಂಬುದು ತೇನ್‌ಸಿಂಗ್ ನಿಲುವಾಗಿತ್ತು. ಕೊನೆಗೆ, ಇಬ್ಬರೂ ಬಹುತೇಕ ಒಟ್ಟಿಗೇ ತುದಿ ತಲುಪಿದೆವು ಎಂಬ ಹೇಳಿಕೆಗೆ ಜೊತೆಯಾಗಿ ಸಹಿ ಹಾಕಿದರು.

ಸಮಾನತೆಯ ಪ್ರಶ್ನೆ ಬೇರೆಡೆಯೂ ಇತ್ತು. ಆರೋಹಣದ ಆರಂಭದಲ್ಲಿ ಕಠ್ಮಂಡುವಿನ ಬ್ರಿಟಿಷ್ ರಾಯಭಾರ ಕಚೇರಿಯ ಆವರಣದಲ್ಲಿ ಸಾಹೇಬರಿಗೆ ಕೋಣೆಗಳು, ಶೆರ್ಪಾಗಳಿಗೆ ಗ್ಯಾರೇಜಿನ ನೆಲ. ಶೆರ್ಪಾಗಳು ಸಿಡಿದೆದ್ದಾಗ ಸರ್ದಾರರಾದ ತೇನ್‌ಸಿಂಗ್ ಇಬ್ಬದಿಯ ಮಾತನ್ನೂ ಕೇಳಬೇಕಾಯಿತು. ಆರೋಹಣದ ನಂತರ ಹಂಟ್ ಮತ್ತು ಹಿಲರಿ ಅವರಿಗೆ ಸರ್ ಪದವಿ ಲಭಿಸಿತು; ತೇನ್‌ಸಿಂಗ್ ಅವರಿಗೆ ಸಂದದ್ದು ಜಾರ್ಜ್ ಪದಕ.

1955ರಲ್ಲಿ, ತಾವು ಹೇಳಿ ಅಮೆರಿಕದ ಲೇಖಕ ಜೇಮ್ಸ್ ರ‍್ಯಾಮ್ಸೆ ಉಲ್‌ಮನ್ ಬರೆದ ಆತ್ಮಕಥೆಯಲ್ಲಿ, ತೇನ್‌ಸಿಂಗ್ ನೇರ ಉತ್ತರ ಕೊಟ್ಟರು. ಮೊದಲು ಕಾಲಿಟ್ಟವರು ಹಿಲರಿ, ಅವರ ಹಿಂದೆಯೇ ತಾನು. ನಡುವಿದ್ದ ಹಗ್ಗ 30 ಅಡಿಯದು. ಅದರ ಬಹುಭಾಗ ಸುರುಳಿಯಾಗಿ ತಮ್ಮ ಕೈಯಲ್ಲಿತ್ತು. ಇಬ್ಬರ ನಡುವಣ ಅಂತರ ಆರಡಿಯಷ್ಟೇ. ಎರಡನೆಯವನಾದದ್ದು ನಾಚಿಕೆಯಾದರೆ ಆ ನಾಚಿಕೆಯೊಂದಿಗೇ ಬದುಕುವೆ ಎಂಬುದು ಅವರ ಧೋರಣೆ. ತಾನೇ ಮೊದಲೆಂದು ಒಂದು ಮಾತು ಹೇಳಿದ್ದರೆ ಜಯಕಾರ ಹಾಕಲು ಎರಡು ದೇಶಗಳು ಸಿದ್ಧವಿದ್ದ ಕಾಲದಲ್ಲಿ ಅವರು ನಿಜವನ್ನೇ ಆಯ್ದುಕೊಂಡರು.

ಕಲಿಸುವ ಕಾಯಕ

ಪ್ರಧಾನಿ ನೆಹರೂ ತೇನ್‌ಸಿಂಗ್ ಅವರನ್ನು ಮನೆಯವರಂತೆ ಕಂಡರು. ವಿದೇಶ ಪ್ರವಾಸಕ್ಕೆ ತಮ್ಮ ಬಟ್ಟೆಗಳನ್ನೇ ಕೊಟ್ಟರು. 1954ರ ನವೆಂಬರ್ 4ರಂದು ಡಾರ್ಜಿಲಿಂಗ್‌ನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಮೇಜರ್ ನರೇಂದ್ರ ಧರ್ ಜಯಾಲ್ ಮೊದಲ ಪ್ರಾಂಶುಪಾಲರು, ತೇನ್‌ಸಿಂಗ್ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರು. ಅದಕ್ಕೆ ಮುನ್ನ ಸ್ವತಃ ಸ್ವಿಟ್ಜರ್‌ಲೆಂಡಿಗೆ ಹೋಗಿ, ಕಲಿಸುವ ಬಗೆಯನ್ನು ಕಲಿತು ಬಂದರು. ನಲವತ್ತರ ವಯಸ್ಸಿನಲ್ಲಿ, ಎವರೆಸ್ಟ್ ಏರಿದ ಮೇಲೆ, ಮತ್ತೆ ವಿದ್ಯಾರ್ಥಿ!

ಅದುವರೆಗೆ ಭಾರತೀಯರಿಗೆ ಪರ್ವತಾರೋಹಣವೆಂದರೆ ಬಿಳಿಯರ ಹವ್ಯಾಸ, ಬಡವರ ಕೂಲಿ. ಗಂಟು ಹಾಕುವುದು, ಬಂಡೆಯಲ್ಲಿ ಬೆರಳಿಗೆ ಹಿಡಿತ ಹುಡುಕುವುದು, ಜಾರಿದಾಗ ಗೊಡಲಿಯಿಂದ ತಡೆಯುವುದು, ಇವೆಲ್ಲ ಪಾಠದ ವಿಷಯಗಳಾದದ್ದು ಇಲ್ಲಿ. ಊರಂಚಿನ ಬಂಡೆಯೊಂದು ಇಂದಿಗೂ ತೇನ್‌ಸಿಂಗ್ ಬಂಡೆಯೆಂದೇ ಪ್ರಸಿದ್ಧ. ಅವರ ಸೋದರಳಿಯ ನವಾಂಗ್ ಗೋಂಬು 1963 ಮತ್ತು 1965ರಲ್ಲಿ ಎವರೆಸ್ಟನ್ನು ಏರಿ, ಎರಡು ಬಾರಿ ಏರಿದ ಮೊದಲಿಗರಾದರು. 1965ರ ಆ ಭಾರತೀಯ ತಂಡದ ಒಂಬತ್ತು ಮಂದಿ ತುದಿ ಮುಟ್ಟಿದರು. 1959ರಲ್ಲಿ ತೇನ್‌ಸಿಂಗ್ ಅವರಿಗೆ ಪದ್ಮಭೂಷಣ ಪ್ರಶಸ್ತಿ ಬಂದಿತ್ತು.

ಸ್ವಂತ ಮಕ್ಕಳು ಮಾತ್ರ ಈ ದಾರಿ ಹಿಡಿಯಬಾರದೆಂಬುದು ಅವರ ಬಯಕೆ. ಮಕ್ಕಳು ಓದಲಿ, ಬೆಟ್ಟ ಹತ್ತಿ ಹೊಟ್ಟೆ ಹೊರೆಯುವ ಪಾಡು ತನ್ನೊಂದಿಗೇ ಮುಗಿಯಲಿ ಎಂದು ಅವರು ಬಗೆದಿದ್ದರು. ಎವರೆಸ್ಟ್ ತಂಡ ಸೇರಲು ನೆರವು ಕೋರಿದ ಮಗ ಜಾಮ್‌ಲಿಂಗ್‌ಗೆ ಅವರು ಒಪ್ಪಿಗೆ ಕೊಡಲಿಲ್ಲ. ತಂದೆ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 1996ರಲ್ಲಿ, ಜಾಮ್‌ಲಿಂಗ್ ಅದೇ ತುದಿಯಲ್ಲಿ ನಿಂತರು.

1976ರಲ್ಲಿ ಸಂಸ್ಥೆಯಿಂದ ನಿವೃತ್ತರಾದ ಬಳಿಕ ತೇನ್‌ಸಿಂಗ್ ಚಾರಣ ತಂಡಗಳಿಗೆ ದಾರಿ ತೋರುತ್ತ ದುಡಿದರು. 1986ರ ಮೇ 9ರಂದು ಡಾರ್ಜಿಲಿಂಗ್‌ನಲ್ಲಿ ಕೊನೆಯುಸಿರೆಳೆದಾಗ ಅವರಿಗೆ 71 ವರ್ಷ. ಆಗ ದೆಹಲಿಯಲ್ಲಿ ನ್ಯೂಜಿಲೆಂಡಿನ ಹೈಕಮಿಷನರ್ ಆಗಿದ್ದ ಹಿಲರಿ ಅಂತ್ಯಕ್ರಿಯೆಗೆ ಬಂದಿದ್ದರು. ಹಿಂದೊಮ್ಮೆ ಹಗ್ಗ ಹಿಡಿದು ತನ್ನ ಜೀವ ಉಳಿಸಿದ್ದ ಗೆಳೆಯನಿಗೆ ಅಂತಿಮ ನಮನ ಸಲ್ಲಿಸಿದರು. ಎವರೆಸ್ಟಿಗೆ ಹೊರಟವರು ವಿಮಾನದಿಂದ ಇಳಿಯುವ ಲುಕ್ಲಾ ನಿಲ್ದಾಣಕ್ಕೆ 2008ರಲ್ಲಿ ಇಬ್ಬರ ಹೆಸರನ್ನೂ ಇಡಲಾಯಿತು. ಅಲ್ಲಿ ತೇನ್‌ಸಿಂಗ್ ಹೆಸರು ಮೊದಲು, ಹಿಲರಿ ಹೆಸರು ನಂತರ.