ಕಾಯಕನಿಷ್ಠ ಕವಿ ಡಾ. ಸಿದ್ಧಯ್ಯ ಪುರಾಣಿಕರು

ಅಧಿಕಾರವನ್ನು ಕಾಯಕವೆಂದು ಬಗೆದು, ಲೇಖನಿಯನ್ನು ಶರಣರ ದಾಸೋಹಕ್ಕೆ ಮೀಸಲಿಟ್ಟ ಮಹನೀಯರಲ್ಲಿ ಕಾವ್ಯಾನಂದ ಡಾ. ಸಿದ್ಧಯ್ಯ ಪುರಾಣಿಕರು ಅಗ್ರಗಣ್ಯರು. ಇಂದು ಕೊಪ್ಪಳ ಜಿಲ್ಲೆಗೆ ಸೇರಿರುವ, ಅಂದು ರಾಯಚೂರು ಜಿಲ್ಲೆಯಲ್ಲಿದ್ದ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರ ಜೂನ್ 18ರಂದು ಅವರ ಜನನ. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪುರಾಣಗಳನ್ನು ರಚಿಸಿದ ಪಂಡಿತರು. ಸೋದರ ಅನ್ನದಾನಯ್ಯ ಪುರಾಣಿಕರು ನ್ಯಾಯವಾದಿಗಳೂ ಸಾಹಿತಿಗಳೂ ಆಗಿದ್ದರು.

ರಾಯಚೂರು, ದೇವದುರ್ಗ, ಮಾನ್ವಿಗಳಂತೆ ಯಲಬುರ್ಗಾ ಸೀಮೆಯೂ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿಯ ಭಾಷೆ ಉರ್ದು. ಉನ್ನತ ಶಿಕ್ಷಣದ ಭಾಷೆಯೂ ಉರ್ದು. ಕನ್ನಡಕ್ಕೆ ಆಶ್ರಯ ದೊರೆತದ್ದು ಮನೆಗಳಲ್ಲಿ, ಮಠಗಳಲ್ಲಿ, ಪುರಾಣ ಪ್ರವಚನಗಳಲ್ಲಿ. ಸಿದ್ಧಯ್ಯನವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಉರ್ದುವಿನಲ್ಲಿಯೂ ಪ್ರೌಢಿಮೆ ಪಡೆದರು; ಆದರೆ ತಂದೆಯಿಂದ ಬಂದ ಕನ್ನಡದ ಸಂಸ್ಕಾರವನ್ನು ಬಿಡಲಿಲ್ಲ.

ಸಂಸ್ಥಾನದ ಆಡಳಿತ ಸೇವೆಗೆ ಸೇರಿದ ಅವರು 1948ರಲ್ಲಿ ಹೈದರಾಬಾದಿನ ವಿಮೋಚನೆಯನ್ನು, 1956ರಲ್ಲಿ ಕನ್ನಡ ನಾಡಿನ ಏಕೀಕರಣವನ್ನು ಕಂಡರು. ಮುಂದೆ ಭಾರತೀಯ ಆಡಳಿತ ಸೇವೆಯ ಅಧಿಕಾರಿಗಳಾಗಿ ಕರ್ನಾಟಕದಲ್ಲಿ ಸೇವೆ ಸಲ್ಲಿಸಿದರು. ಆಡಳಿತದ ಹೊಣೆಯ ನಡುವೆಯೂ ಕಾವ್ಯಕೃಷಿ ನಿಲ್ಲಲಿಲ್ಲ. ‘ಜಲಪಾತ’, ‘ಮಾನಸ ಸರೋವರ’ ಮುಂತಾದ ಕವನ ಸಂಕಲನಗಳು ಬಂದವು. ಮಕ್ಕಳಿಗಾಗಿ ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಮೂಡಿತು. ಯಾವ ಪದವಿಗೇರಿದರೂ ಮನುಷ್ಯತ್ವವೇ ಮೊದಲೆಂದು ಸಾರುವ ಅವರ ಕವಿತೆ ಶಾಲೆಶಾಲೆಗಳಲ್ಲಿ ಹಾಡಾಗಿ ನೆಲೆಸಿತು. ಉನ್ನತ ಪದವಿಯಲ್ಲಿದ್ದವರೇ ಬರೆದದ್ದರಿಂದ ಆ ಮಾತಿಗೆ ವಿಶೇಷ ತೂಕವಿದೆ.

ಭಕ್ತಸಮೂಹವು ಅವರಿಗೆ ಋಣಿಯಾಗಿರುವುದು ಮುಖ್ಯವಾಗಿ ಎರಡು ಕಾರಣಗಳಿಗೆ. ಬಸವಾದಿ ಪ್ರಮಥರ ಜೀವನವನ್ನು ಸರಳ ಗದ್ಯದಲ್ಲಿ ನಿರೂಪಿಸುವ ‘ಶರಣ ಚರಿತಾಮೃತ’ ಎಂಬ ಬೃಹದ್ಗ್ರಂಥವನ್ನು ಅವರು ರಚಿಸಿದರು. ಹಳಗನ್ನಡದ ಕಾವ್ಯ ಪುರಾಣಗಳನ್ನು ಓದಲಾರದವರಿಗೂ ಶರಣರ ಬದುಕು ಇದರಿಂದ ತಲುಪಿತು. ಅಲ್ಲದೆ ‘ಸ್ವತಂತ್ರಧೀರ ಸಿದ್ಧೇಶ್ವರ’ ಎಂಬ ಅಂಕಿತದಲ್ಲಿ ತಾವೇ ವಚನಗಳನ್ನು ಬರೆದು, ಹನ್ನೆರಡನೆಯ ಶತಮಾನದ ಆ ಪ್ರಕಾರವು ಇಂದಿನ ಬಾಳಿನ ಡೊಂಕನ್ನೂ ತಿದ್ದಬಲ್ಲದೆಂದು ತೋರಿಸಿದರು.

1987ರಲ್ಲಿ ಕಲಬುರಗಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಒಂದು ಕಾಲಕ್ಕೆ ಕಚೇರಿಗಳಲ್ಲಿ ಕನ್ನಡಕ್ಕೆ ಸ್ಥಾನವಿಲ್ಲದಿದ್ದ ಸೀಮೆಯಲ್ಲಿಯೇ, ಆ ಸೀಮೆಯ ಮಗನಿಗೆ ಸಂದ ಗೌರವವದು. 1994ರಲ್ಲಿ ಅವರು ಲಿಂಗೈಕ್ಯರಾದರು.

ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತೇ ಅನುಭಾವದ ಮೇರುವನ್ನೇರಿದರು. ಕಾಯಕಕ್ಕೂ ಅನುಭಾವಕ್ಕೂ ವೈರವಿಲ್ಲವೆಂಬ ಆ ತತ್ತ್ವವನ್ನು ನಮ್ಮ ಕಾಲದ ಸರಕಾರಿ ಕಚೇರಿಯಲ್ಲಿ ಕುಳಿತು ಬಾಳಿ ತೋರಿಸಿದವರು ಪುರಾಣಿಕರು. ಉದ್ಯೋಗದ ನೆಪ ಹೇಳಿ ಓದು, ಬರಹ, ಶಿವಚಿಂತನೆಗಳನ್ನು ಮುಂದೂಡುವ ನಮಗೆ ಅವರ ಬಾಳು ದಾರಿದೀಪವಾಗಲಿ.