ಡಾಕ್ಟರ್ ಗ್ರೆನ್‌ಫೆಲ್ಲರೂ ಲ್ಯಾಬ್ರಡಾರಿನ ಪಾಠಶಾಲೆಗಳೂ

ಉತ್ತರ ಅಮೆರಿಕದ ಭೂಪಟವನ್ನು ತೆರೆದು ಅದರ ಈಶಾನ್ಯದ ಅಂಚನ್ನು ನೋಡಿದರೆ ಲ್ಯಾಬ್ರಡಾರ್ ಎಂಬ ಪ್ರಾಂತವು ಕಾಣುವುದು. ಅಲ್ಲಿಯ ಸಮುದ್ರತೀರವು ಬಹುಮಟ್ಟಿಗೆ ಬರಿಯ ಬಂಡೆ. ಚಳಿಗಾಲದಲ್ಲಿ ಕೊಲ್ಲಿಗಳೆಲ್ಲ ಹೆಪ್ಪುಗಟ್ಟಿ, ಹಡಗುಗಳ ಸಂಚಾರವು ತಿಂಗಳುಗಟ್ಟಲೆ ನಿಂತುಹೋಗುತ್ತಿದ್ದಿತು. ಕಾಡ್ ಎಂಬ ಮೀನನ್ನು ಹಿಡಿದು ಜೀವಿಸುತ್ತಿದ್ದ ಆ ತೀರದ ಬಡವರ ಮಕ್ಕಳಿಗಾಗಿ ಪಾಠಶಾಲೆಗಳನ್ನು ಕಟ್ಟಲು ಅನ್ಯದೇಶದ ವಿದ್ಯಾರ್ಥಿಗಳು ತಮ್ಮ ಬೇಸಿಗೆಯ ರಜದಲ್ಲಿ ಸಂಬಳವಿಲ್ಲದೆ ಬಂದು ಗುದ್ದಲಿ ಹಿಡಿದರು. ಅವರನ್ನು ಕರೆತಂದವರು ಸರ್ ವಿಲ್ಫ್ರೆಡ್ ಗ್ರೆನ್‌ಫೆಲ್ಲರು. ಹಿಮದ ಮೇಲೆ ಇವರು ಪಟ್ಟ ಪಾಡನ್ನು ವಾಚಕರಲ್ಲಿ ಅನೇಕರು ಓದಿರಬಹುದು. ನಾವು ಇಲ್ಲಿ ಅದಕ್ಕಿಂತಲೂ ಅವರ ಪಾಠಶಾಲೆಗಳ ವಿಷಯವನ್ನು ಹೆಚ್ಚಾಗಿ ಹೇಳಲಿಚ್ಛಿಸುತ್ತೇವೆ.

ಗ್ರೆನ್‌ಫೆಲ್ಲರು 1865ನೆಯ ಇಸವಿ ಫೆಬ್ರುವರಿ 28ರಂದು ಇಂಗ್ಲೆಂಡಿನ ಚೆಷೈರ್ ಸೀಮೆಯ ಪಾರ್ಕ್‌ಗೇಟ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯವರು ಅಲ್ಲಿ ಒಂದು ಪಾಠಶಾಲೆಯ ಮುಖ್ಯೋಪಾಧ್ಯಾಯರು. ಊರಿನ ಮುಂದೆಯೇ ಡೀ ನದಿಯು ಸಮುದ್ರವನ್ನು ಸೇರುವ ಮರಳುಬಯಲಿದ್ದುದರಿಂದ ಹುಡುಗನಿಗೆ ಪುಸ್ತಕಕ್ಕಿಂತ ದೋಣಿಯ ಮೇಲೆಯೇ ಆಸೆ ಹೆಚ್ಚು. 1883ರಲ್ಲಿ ಲಂಡನ್ ನಗರದಲ್ಲಿ ವೈದ್ಯಶಾಸ್ತ್ರದ ವ್ಯಾಸಂಗಕ್ಕೆ ಸೇರಿದರು. 1885ರಲ್ಲಿ ಒಂದು ದಿನ ದಾರಿಯಲ್ಲಿ ಹೋಗುತ್ತ, ಅಮೆರಿಕದ ಪ್ರಸಿದ್ಧ ಸುವಾರ್ತಿಕರಾದ ಮೂಡಿಯವರ ಸಭೆ ನಡೆಯುತ್ತಿದ್ದ ಡೇರೆಯೊಳಕ್ಕೆ ಕಾಲಿಟ್ಟರು. ವೇದಿಕೆಯ ಮೇಲೆ ಒಬ್ಬರು ಪ್ರಾರ್ಥನೆಯನ್ನು ಮುಗಿಸದೆ ಬೆಳೆಸುತ್ತಲೇ ಇದ್ದರು. ಅವರು ಮುಗಿಸುವ ತನಕ ನಾವೊಂದು ಕೀರ್ತನೆಯನ್ನು ಹಾಡೋಣವೆಂದು ಮೂಡಿಯವರು ಸಭೆಗೆ ಸೂಚಿಸಿದರಂತೆ. ಹೊರಟುಹೋಗಬೇಕೆಂದಿದ್ದ ವಿದ್ಯಾರ್ಥಿಯು ಇದನ್ನು ಕಂಡು ನಿಂತನು. ಕ್ರೈಸ್ತಧರ್ಮವೆಂದರೆ ಕಾಲಹರಣವಲ್ಲ, ಕೈಕೆಲಸವೆಂಬ ನಂಬಿಕೆಯು ಅಲ್ಲಿಂದ ಮುಂದೆ ಅವರನ್ನು ಬಿಡಲಿಲ್ಲ.

ವೈದ್ಯರಾದ ಮೇಲೆ ಗ್ರೆನ್‌ಫೆಲ್ಲರು ಸಮುದ್ರದ ಬೆಸ್ತರ ಸೇವೆಗಾಗಿ ಏರ್ಪಟ್ಟಿದ್ದ ಮಿಶನ್ನನ್ನು ಸೇರಿ 1892ರಲ್ಲಿ ಆಲ್ಬರ್ಟ್ ಎಂಬ ಹಾಯಿಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ನ್ಯೂಫೌಂಡ್‌ಲೆಂಡಿನ ರಾಜಧಾನಿಯಾದ ಸೇಂಟ್ ಜಾನ್ಸ್ ನಗರವನ್ನು ಸಮೀಪಿಸಿದಾಗ ಆ ಪಟ್ಟಣವು ಬೆಂಕಿಗೆ ಸಿಕ್ಕಿ ಉರಿಯುತ್ತಿದ್ದಿತು. ಅಲ್ಲಿಂದ ಉತ್ತರಕ್ಕೆ ಲ್ಯಾಬ್ರಡಾರಿನ ತೀರವನ್ನು ಹಿಡಿದು ಹೋದರು. ಆ ಒಂದೇ ಬೇಸಿಗೆಯಲ್ಲಿ ಅವರು ನೋಡಿದ ರೋಗಿಗಳು ಸುಮಾರು 900 ಮಂದಿ. ಮರುವರ್ಷ ಬ್ಯಾಟಲ್ ಹಾರ್ಬರಿನಲ್ಲಿಯೂ, 1894ರಲ್ಲಿ ಇಂಡಿಯನ್ ಹಾರ್ಬರಿನಲ್ಲಿಯೂ ವೈದ್ಯಶಾಲೆಗಳು ತೆರೆದವು. ತರುವಾಯ ನ್ಯೂಫೌಂಡ್‌ಲೆಂಡಿನ ಉತ್ತರ ತುದಿಯಲ್ಲಿರುವ ಸೇಂಟ್ ಆಂಟನಿಯು ಇವರ ಮುಖ್ಯಸ್ಥಾನವಾಯಿತು.

ಔಷಧದಿಂದ ವಾಸಿಮಾಡಿ ಕಳುಹಿಸಿದ ರೋಗಿಯೇ ಮರುವರ್ಷ ಅದೇ ರೋಗದಿಂದ ಬರುವುದನ್ನು ಡಾಕ್ಟರು ಕಂಡರು. ಕಾರಣವು ಗೂಢವಾದುದೇನೂ ಅಲ್ಲ. ವಸಂತದಲ್ಲಿ ವರ್ತಕನು ಉಪ್ಪು, ಹಿಟ್ಟು, ಬಲೆಗಳನ್ನು ಸಾಲವಾಗಿ ಕೊಡುವನು. ಶರತ್ಕಾಲದಲ್ಲಿ ಮೀನನ್ನು ತಾನೇ ಗೊತ್ತುಮಾಡಿದ ಬೆಲೆಗೆ ತೆಗೆದುಕೊಳ್ಳುವನು. ಬೆಸ್ತನು ನಾಣ್ಯವನ್ನು ಕಣ್ಣಿನಿಂದ ಕಾಣುವುದೇ ಅಪರೂಪ. ಲೆಕ್ಕವನ್ನು ಓದಲು ಬಾರದವನು ಅದನ್ನು ಪ್ರಶ್ನಿಸುವುದಾದರೂ ಹೇಗೆ? ಅವನ ಮಕ್ಕಳು ಬೇಸಿಗೆಯಲ್ಲಿ ಮೀನನ್ನು ಒಣಗಿಸುವ ಕೆಲಸದಲ್ಲಿರುವರು. ಚಳಿಗಾಲದಲ್ಲಿ ಕುಟುಂಬಗಳು ಸೌದೆಗಾಗಿ ಕೊಲ್ಲಿಗಳ ಒಳಭಾಗಕ್ಕೆ ಚದರಿಹೋಗುವುವು. ಇದರ ಮೇಲೆ ಆ ಸೀಮೆಯಲ್ಲಿ ವಿದ್ಯಾಭ್ಯಾಸವು ಬೇರೆಬೇರೆ ಸಭೆಗಳ ವಶದಲ್ಲಿದ್ದಿತು. ಹತ್ತಾರು ಮಕ್ಕಳಿರುವ ಒಂದು ಕೊಲ್ಲಿಯಲ್ಲಿ ಸಭೆಗೊಂದರಂತೆ ಶಾಲೆಯಾದರೆ ಉಪಾಧ್ಯಾಯರು ಎಲ್ಲಿಂದ ಬರಬೇಕು? ಗ್ರೆನ್‌ಫೆಲ್ಲರು ಸೇಂಟ್ ಆಂಟನಿಯಲ್ಲಿ ಎಲ್ಲಾ ಸಭೆಗಳ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತು ಓದುವ ಶಾಲೆಯನ್ನು ನಡೆಯಿಸಿದರು. ಇದಕ್ಕಾಗಿ ನಿಂದೆಯನ್ನೂ ಅನುಭವಿಸಿದರು. ಈ ವಿಷಯದಲ್ಲಿ ನಾವು ನಿಸ್ಸಂಕೋಚವಾಗಿ ಅವರ ಪಕ್ಷದವರು.

ಅನಾಥರಾದ ಮಕ್ಕಳನ್ನು ಅವರು ತಮ್ಮ ಆಶ್ರಯಕ್ಕೆ ತೆಗೆದುಕೊಂಡುದೂ ಉಂಟು, ಅಂಗಹೀನರಾದವರನ್ನು ತೆಗೆದುಕೊಂಡುದೂ ಉಂಟು. ಕಿರ್ಕೀನಾ ಎಂಬ ಹುಡುಗಿಯ ಕಾಲುಗಳು ಶೀತದಿಂದ ಹೆಪ್ಪುಗಟ್ಟಿ ಸತ್ತುಹೋದಾಗ, ವೈದ್ಯರಾರೂ ಹತ್ತಿರವಿಲ್ಲದ ಕಾರಣ ಹೆತ್ತ ತಂದೆಯೇ ಮಗುವಿನ ಪ್ರಾಣವನ್ನುಳಿಸಲು ಕೊಡಲಿಯಿಂದ ಅವನ್ನು ಕಡಿಯಬೇಕಾಯಿತು. ಗ್ರೆನ್‌ಫೆಲ್ಲರು ಆಕೆಯನ್ನು ಕರೆತಂದು ಸಾಕಿದರು; ಕೃತಕವಾದ ಕಾಲುಗಳನ್ನು ಹಾಕಿಸಿದರು. ಮುಂದೆ ಆಕೆಯು ಅದೇ ನಾಡಿನಲ್ಲಿ ಸೂಲಗಿತ್ತಿಯಾಗಿ ಅನೇಕ ತಾಯಂದಿರಿಗೆ ಆಸರೆಯಾದಳು.

ಕೆಲಸ ಹೆಚ್ಚಿದಷ್ಟೂ ಕೈಗಳು ಸಾಲದಾದುವು. ಡಾಕ್ಟರು ಚಳಿಗಾಲಗಳಲ್ಲಿ ಅಮೆರಿಕ, ಇಂಗ್ಲೆಂಡುಗಳ ವಿಶ್ವವಿದ್ಯಾನಿಲಯಗಳಿಗೆ ಹೋಗಿ ಉಪನ್ಯಾಸ ಮಾಡುವರು. ಬೇಸಿಗೆ ಬಂದೊಡನೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದ ಕಾಲೇಜುಗಳ ತರುಣರು ತಮ್ಮ ಪ್ರಯಾಣದ ವೆಚ್ಚವನ್ನು ತಾವೇ ಕೊಟ್ಟು ಉತ್ತರಕ್ಕೆ ಬರುವರು. ಸಂಬಳವಿಲ್ಲದ ಕೆಲಸಗಾರರೆಂಬುದೇ ಅವರಿಗಿದ್ದ ಹೆಸರು. ಮನೆಯಲ್ಲಿ ಆಳುಕಾಳುಗಳಿದ್ದವರೂ ಇಲ್ಲಿ ಕಾಲುವೆ ತೋಡಿದರು, ಕಲ್ಲಿದ್ದಲನ್ನು ಹಡಗಿನಿಂದಿಳಿಸಿದರು, ಕಾಂಕ್ರೀಟು ಕಲಸಿದರು, ಹಲಗೆಗಳಿಗೆ ಮೊಳೆ ಹೊಡೆದರು. ಸೊಳ್ಳೆಗಳೂ ಕರಿಯ ನೊಣಗಳೂ ಅವರ ಮುಖವನ್ನು ಬಾಯಿಸಿ ಬಿಡುತ್ತಿದ್ದುವು. ತರುಣಿಯರೂ ಹಿಂದುಳಿಯಲಿಲ್ಲ, ದಾದಿಯರಾಗಿಯೂ ಬೇಸಿಗೆಯ ಶಾಲೆಗಳ ಉಪಾಧ್ಯಾಯಿನಿಯರಾಗಿಯೂ ಬಂದವರು ಅನೇಕರು. ನಾರ್ತ್ ವೆಸ್ಟ್ ರಿವರ್ ಎಂಬಲ್ಲಿ 1926ರಲ್ಲಿ ಎದ್ದ ಪಾಠಶಾಲೆಗೆ, ಅದನ್ನು ಕಟ್ಟಲು ಬಂದ ವಿದ್ಯಾರ್ಥಿಗಳ ಗೌರವಾರ್ಥವಾಗಿ, ಯೇಲ್ ಶಾಲೆಯೆಂದೇ ಹೆಸರಾಯಿತು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಹಿಮವು ಕರಗಿದ ಮೇಲೆ ಬಂದ ಈ ಅತಿಥಿಗಳು ಹಿಮ ಬೀಳುವ ಮೊದಲೇ ಹಿಂದಿರುಗುವವರು. ಶಾಲೆಗೆ ಬಾಗಿಲು ಕಿಟಕಿಗಳನ್ನು ಅವರು ಇಟ್ಟುಹೋಗಬಹುದು. ಜನವರಿಯ ಬೆಳಗ್ಗೆ ಒಲೆ ಹೊತ್ತಿಸಿ ಮಕ್ಕಳನ್ನು ಕೂರಿಸಿಕೊಳ್ಳುವವರು ಬೇರೆ. ಗ್ರೆನ್‌ಫೆಲ್ಲರು ಇದನ್ನು ಚೆನ್ನಾಗಿ ಅರಿತಿದ್ದರು. ಆದುದರಿಂದ ಬಟ್ಟೆಯನ್ನಾಗಲಿ ಔಷಧವನ್ನಾಗಲಿ ಬಿಟ್ಟಿಯಾಗಿ ಕೊಡುವುದು ಅವರಿಗೆ ಒಪ್ಪಿಗೆಯಾಗಿರಲಿಲ್ಲ. ಕೈಲಾದವರು ಸೌದೆಯಿಂದಲೋ ಮೀನಿನಿಂದಲೋ ದುಡಿಮೆಯಿಂದಲೋ ಸಲ್ಲಿಸಬೇಕು. 1909ರಲ್ಲಿ ಅವರ ಕೈಹಿಡಿದ ಆನ್ ಮೆಕ್ಲಾನಹನ್ ಎಂಬ ಶಿಕಾಗೋ ಪ್ರಾಂತದ ವಿದ್ಯಾವತಿಯು, ತೀರದ ಹುಡುಗ ಹುಡುಗಿಯರನ್ನು ಹೊರದೇಶದ ಶಾಲೆಗಳಿಗೆ ಕಳುಹಿಸುವ ಭಾರವನ್ನು ಹೊತ್ತರು. ಬ್ರೂಕ್ಲಿನಿನ ಪ್ರಾಟ್ ಇನ್‌ಸ್ಟಿಟ್ಯೂಟಿನಲ್ಲಿ ಕೈಗಾರಿಕೆಯನ್ನು ಕಲಿತು ಮರಳಿದ ಲ್ಯಾಬ್ರಡಾರಿನ ಯುವಕರು ಮಿಶನ್ನಿನ ಕಟ್ಟಡಗಳ ಮೇಲ್ವಿಚಾರಕರಾದರು. ಕಾಲೇಜಿನ ತರುಣರು ಬೆಸ್ತರ ಮಗನ ಆಜ್ಞೆಯಂತೆ ಕಲ್ಲು ಹೊತ್ತರು. ಗ್ರೆನ್‌ಫೆಲ್ಲರ ಕಾರ್ಯಗಳೆಲ್ಲದರಲ್ಲಿಯೂ ನಮಗೆ ಅತ್ಯಂತ ಪ್ರಿಯವಾದುದು ಇದೇ.

1908ರ ಈಸ್ಟರಿನ ಸಮಯದಲ್ಲಿ, ರೋಗಿಯೊಬ್ಬನನ್ನು ನೋಡಲು ನಾಯಿಗಳ ಬಂಡಿಯಲ್ಲಿ ಹೊರಟ ಡಾಕ್ಟರು ಒಡೆದ ಹಿಮದ ತುಂಡೊಂದರ ಮೇಲೆ ಸಮುದ್ರಕ್ಕೆ ತೇಲಿಹೋದುದು, ಮೂರು ನಾಯಿಗಳನ್ನು ಕೊಂದು ಅವುಗಳ ಚರ್ಮದಿಂದ ಮೈಯನ್ನು ಬೆಚ್ಚಗಿಟ್ಟುಕೊಂಡುದು, ಮರುದಿನ ತೀರದ ಜನರು ದೋಣಿಯಲ್ಲಿ ಬಂದು ಬಿಡಿಸಿದುದು, ಬಳಿಕ ಆ ನಾಯಿಗಳ ಹೆಸರಿನಲ್ಲಿ ಅವರು ಒಂದು ಫಲಕವನ್ನು ನಿಲ್ಲಿಸಿದುದು, ಇವೆಲ್ಲ ಪ್ರಸಿದ್ಧವಾಗಿವೆ.

1918ರ ಮಹಾಮಾರಿಯಾದ ಇನ್‌ಫ್ಲುಯೆಂಜ ಜ್ವರವು ಲ್ಯಾಬ್ರಡಾರನ್ನು ಹಾಳುಗೆಡವಿತು. ಓಕಾಕ್ ಎಂಬ ಒಂದೇ ಗ್ರಾಮದಲ್ಲಿ 263 ಮಂದಿಯ ಪೈಕಿ 204 ಮಂದಿ ಸತ್ತರು. ಉಳಿದ ಅನಾಥರಿಗಾಗಿ ಹೆನ್ರಿ ಗಾರ್ಡನ್ ಎಂಬ ಪಾದ್ರಿಗಳು ಕಾರ್ಟ್‌ರೈಟಿನ ಸಮೀಪದ ಮಡ್ಡಿ ಬೇ ಎಂಬಲ್ಲಿ 1920ರಲ್ಲಿ ವಸತಿಶಾಲೆಯೊಂದನ್ನು ತೆರೆದರು. ಅದು 1928ರಲ್ಲಿ ಸುಟ್ಟುಹೋಗಲು, ಗ್ರೆನ್‌ಫೆಲ್ಲರ ಮಿಶನ್ನು ಕಾರ್ಟ್‌ರೈಟಿನಲ್ಲಿಯೇ ಬೇರೊಂದು ಶಾಲೆಯನ್ನು ಕಟ್ಟಿತು.

ಈ ವಸತಿಶಾಲೆಗಳ ಮುಂದಿನ ಚರಿತ್ರೆಯನ್ನು ಮುಚ್ಚಿಡುವುದು ನಮಗೆ ಸರಿತೋರುವುದಿಲ್ಲ. ಗ್ರೆನ್‌ಫೆಲ್ಲರು ಗತಿಸಿದ ಮೇಲೆಯೂ ಸೇಂಟ್ ಆಂಟನಿ, ಕಾರ್ಟ್‌ರೈಟ್, ನಾರ್ತ್ ವೆಸ್ಟ್ ರಿವರ್ ಈ ಮೂರು ಕಡೆಗಳಲ್ಲಿ ಅವು ನಡೆದುವು. ತಂದೆತಾಯಿಗಳಿಂದ ಅಗಲಿಸಲ್ಪಟ್ಟ ಇನ್ಯೂಟ್ ಮೊದಲಾದ ಮೂಲನಿವಾಸಿಗಳ ಮಕ್ಕಳಲ್ಲಿ ಅನೇಕರು ಅಲ್ಲಿ ತಮ್ಮ ಭಾಷೆಯನ್ನು ಕಳೆದುಕೊಂಡರು. ಕೆಲವರು ಕ್ರೂರವಾದ ಹಿಂಸೆಗೂ ಗುರಿಯಾದರು. 2017ರ ನವೆಂಬರ್ 24ರಂದು ಆಗಿನ ಕೆನಡದ ಪ್ರಧಾನ ಮಂತ್ರಿಗಳು ಲ್ಯಾಬ್ರಡಾರಿಗೇ ಬಂದು, ಈ ಮೂರು ಶಾಲೆಗಳಲ್ಲಿಯೂ ಮೊರೇವಿಯನ್ ಮಿಶನ್ನಿನ ಶಾಲೆಗಳಲ್ಲಿಯೂ ಓದಿದ್ದವರ ಮುಂದೆ ಸರ್ಕಾರದ ಪರವಾಗಿ ಕ್ಷಮೆಯನ್ನು ಬೇಡಿದರು. ಹಾಸ್ಟೆಲಿನಲ್ಲಿದ್ದು ಓದಿದ ನಮ್ಮ ವಾಚಕರಿಗೆ, ಮೊದಲ ರಾತ್ರಿ ದೀಪವಾರಿದ ಮೇಲೆ ಅಮ್ಮನನ್ನು ನೆನೆದು ಅತ್ತುದು ಮರೆತಿರಲಾರದು. ಆದರೆ ನಮಗೆ ರಜದಲ್ಲಿ ಮನೆಯಿದ್ದಿತು, ಮನೆಯಲ್ಲಿ ನಮ್ಮ ಮಾತಿದ್ದಿತು. ಸದುದ್ದೇಶದಿಂದ ಕಟ್ಟಿದ ಗೋಡೆಯೊಳಗೆ ಏನು ನಡೆಯಬಹುದೆಂಬುದನ್ನು ಕಟ್ಟಿದವನ ಸದ್ಗುಣವು ನಿಶ್ಚಯಿಸಲಾರದು. ಗ್ರೆನ್‌ಫೆಲ್ಲರಿಗೆ ಕೀರ್ತಿಯನ್ನು ಕೊಡುವವರು ಇದನ್ನೂ ಅವರ ಚರಿತ್ರೆಯೊಡನೆಯೇ ಓದಬೇಕೆಂಬುದು ನಮ್ಮ ಅಭಿಪ್ರಾಯ.

1927ರಲ್ಲಿ ಸೇಂಟ್ ಆಂಟನಿಯಲ್ಲಿ ಕಾಂಕ್ರೀಟಿನ ಹೊಸ ವೈದ್ಯಶಾಲೆಯು ತೆರೆದಿತು. ಅದೇ ವರ್ಷ ಡಾಕ್ಟರಿಗೆ ಸರ್ ಎಂಬ ಬಿರುದು ದೊರೆಯಿತು. ಹೃದ್ರೋಗದಿಂದ ಬಲಗುಂದಿದ ಅವರು ಕಡೆಯ ವರ್ಷಗಳನ್ನು ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ಕಳೆದರು. 1938ರಲ್ಲಿ ಪತ್ನಿಯು ತೀರಿಕೊಂಡರು. 1940ನೆಯ ಇಸವಿ ಅಕ್ಟೋಬರ್ 9ರಂದು ಗ್ರೆನ್‌ಫೆಲ್ಲರೂ ದೈವಾಧೀನರಾದರು. ಅವರ ಚಿತಾಭಸ್ಮವನ್ನು ಉತ್ತರಕ್ಕೆ ಒಯ್ದು, ಸೇಂಟ್ ಆಂಟನಿಯ ಊರ ಮೇಲಣ ಗುಡ್ಡದಲ್ಲಿ ಪತ್ನಿಯ ಭಸ್ಮದ ಬಳಿಯಲ್ಲಿ ಬಂಡೆಯೊಳಗೆ ಇಟ್ಟರು.